ಒಂದು ಕಡ್ಡಿ ಹೆಚ್ಚು ಬೇಕು

ಡಿಸೆಂಬರಿನ ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಸಭೆಯಲ್ಲಿ ನಮ್ಮ ಶಾಲೆಯ ಎಚ್.ಎಂ. (ಮುಖ್ಯೋಪಾಧ್ಯಾಯಿನಿ) ಟೀಚರ್ ಎಲ್ಲರಿಗೂ ಒಂದೊಂದು ಕಾಗದದ ತುಂಡು ಹಂಚಿದರು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ, ಕನ್ನಡದಲ್ಲೊಮ್ಮೆ ಮಲಯಾಳದಲ್ಲೊಮ್ಮೆ: "ಇನ್ನೊಬ್ಬರಿಗೆ ಕಲಿಸುವಷ್ಟು ಚೆನ್ನಾಗಿ ನಿಮಗೆ ಗೊತ್ತಿರುವ ಕೆಲಸ ಯಾವುದು?"

ಸಮಿತಿಯಲ್ಲಿ ನಾನೂ ಇದ್ದೇನೆ. ಸಭೆ ಮುಗಿದ ಮೇಲೆ ಕಾಗದಗಳನ್ನು ಒಟ್ಟುಮಾಡಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧಕ್ಕರ್ಧ ಖಾಲಿ. ಉಳಿದವುಗಳಲ್ಲಿ "ಇಲ್ಲ", "ಏನೂ ಇಲ್ಲ", "ನಾನು ಕಲಿತದ್ದು ಐದನೇ ತರಗತಿ ಮಾತ್ರ" ಎಂಬಂಥವೇ ಹೆಚ್ಚು. ಒಂದು ಕಾಗದದಲ್ಲಿ ಪೆನ್ಸಿಲಿನಲ್ಲಿ "ಏನೂ ಇಲ್ಲ ಟೀಚರ್" ಎಂದಿತ್ತು. ಕೈಬರಹ ನೋಡಿದ ಕೂಡಲೇ ಯಾರೆಂದು ಗೊತ್ತಾಯಿತು. ಮೂವತ್ತು ವರ್ಷದಿಂದ ನಮ್ಮ ಸುತ್ತಲಿನ ಅಡಿಕೆ ತೋಟಗಳಿಗೆಲ್ಲ ಮದ್ದು ಬಿಡುವವರು ಅವರು. ಒಂದು ಕಂಗಿನ (ಅಡಿಕೆ ಮರದ) ತಲೆಯಿಂದ ಇನ್ನೊಂದಕ್ಕೆ ದಾಟುವ ಮನುಷ್ಯ. ಯಾವ ಗೊನೆಗೆ ಕೊಳೆರೋಗ ಹಿಡಿಯಲಿಕ್ಕೆ ಶುರುವಾಗಿದೆ ಎಂದು ಕೆಳಗಿನಿಂದಲೇ ಹೇಳುವವರು. ಅವರಿಗೆ ಕಲಿಸುವಂಥದ್ದು ಏನೂ ಗೊತ್ತಿಲ್ಲವಂತೆ.

ಆ ಕಾಗದವನ್ನು ಬೇರೆ ಇಟ್ಟುಕೊಂಡೆ. ಮರುದಿನ ಸಂಜೆ ಟೀಚರೂ ನಾನೂ ಅವರ ಮನೆಗೆ ಹೋದೆವು. ಹೀಗೆಯೇ ಇನ್ನೂ ಹದಿನೈದಿಪ್ಪತ್ತು ಮನೆಗಳಿಗೆ ಹೋಗಬೇಕಾಯಿತು.

ಕೇರಳದ ಶಾಲೆಗಳಲ್ಲಿ ಪಠನೋತ್ಸವ ಎಂಬುದೊಂದು ಉಂಟು. ವರ್ಷದ ಕೊನೆಗೆ ಮಕ್ಕಳು ತಾವು ಕಲಿತದ್ದನ್ನು ಊರವರ ಮುಂದೆ ಮಾಡಿ ತೋರಿಸುತ್ತಾರೆ, ಹೆತ್ತವರು ಕುರ್ಚಿಯಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಾರೆ. ಅದು ಒಳ್ಳೆಯದೇ. ನಮ್ಮ ಟೀಚರಿಗೆ ಬೇಕಾದದ್ದು ಬೇರೆ. ಒಂದು ದಿನದ ಮಟ್ಟಿಗೆ ಗೊತ್ತಿರುವವರು ಯಾರೇ ಆಗಲಿ ಕಲಿಸಬೇಕು, ಗೊತ್ತಿಲ್ಲದವರು ಯಾರೇ ಆಗಲಿ ಕಲಿಯಬೇಕು, ಶಾಲೆಯಲ್ಲಿ ಮಕ್ಕಳಿಲ್ಲದವರಿಗೂ ಗೇಟು ತೆರೆದಿರಬೇಕು. "ದೊಡ್ಡವರು ಕಲಿಯುವುದನ್ನು ನಮ್ಮ ಮಕ್ಕಳು ನೋಡಿದ್ದೇ ಇಲ್ಲ" ಎಂದು ಅವರು ಸಭೆಯಲ್ಲಿ ಹೇಳಿದಾಗ ನನಗೆ ಅದರ ಅರ್ಥ ಪೂರ್ತಿ ಆಗಿರಲಿಲ್ಲ.

ನಮ್ಮದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಿಂದ ಒಳಗೆ, ಗುಡ್ಡದ ಬುಡದಲ್ಲಿರುವ ಅನುದಾನಿತ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ, ಕನ್ನಡ ಮಾಧ್ಯಮ. ನಾನು ಕಲಿತದ್ದೂ ಅಲ್ಲೇ, ಮಗಳು ಈಗ ಆರನೇ ತರಗತಿ. ಕಾಸರಗೋಡಿನಲ್ಲಿ ಕನ್ನಡ ಶಾಲೆ ಎಂದರೆ ಏನೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. 1956ರ ನವೆಂಬರ್ 1ರಂದು ಇಡೀ ಕನ್ನಡನಾಡು ಒಂದಾದ ಸಂತೋಷದಲ್ಲಿದ್ದಾಗ ದಕ್ಷಿಣ ಕನ್ನಡ ಜಿಲ್ಲೆಯ ಈ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಹೇಳಿದ್ದು ಕಾಗದದಲ್ಲೇ ಉಳಿಯಿತು. ಅಂದಿನಿಂದ ಇಲ್ಲಿ ಕನ್ನಡ ಉಳಿದದ್ದು ಹೆಚ್ಚಾಗಿ ಮೂರು ಕಡೆ: ಮನೆ, ಯಕ್ಷಗಾನದ ಚೌಕಿ, ಶಾಲೆ. ಜೂನ್ ತಿಂಗಳಲ್ಲಿ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುವಾಗ ನಮ್ಮ ಟೀಚರುಗಳ ಮುಖ ನೋಡಬೇಕು. ಎಣಿಕೆ ಕಡಿಮೆಯಾದರೆ ಡಿವಿಷನ್ ಹೋಯಿತು, ಡಿವಿಷನ್ ಹೋದರೆ ಹುದ್ದೆ ಹೋಯಿತು.

ಹಾಗಾಗಿ ಸಮಿತಿಯಲ್ಲಿ ಕೆಲವರು ಈ ಕಾರ್ಯಕ್ರಮವನ್ನು ಹೊಸ ಮಕ್ಕಳನ್ನು ಸೇರಿಸುವ ಉಪಾಯವಾಗಿ ಕಂಡದ್ದು ತಪ್ಪಲ್ಲ. ನನಗೂ ಮೊದಲು ಹಾಗೆಯೇ ಅನಿಸಿತ್ತು.

ಜನವರಿಯ ಎರಡನೇ ಶನಿವಾರ ಎಂದು ದಿನ ಗೊತ್ತಾಯಿತು. ಉದ್ಘಾಟನೆಗೆ ಒಂದೂವರೆ ಗಂಟೆ ಹೋಯಿತು, ಅದರ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಹತ್ತೂವರೆಯ ಹೊತ್ತಿಗೆ ವೇದಿಕೆ ಖಾಲಿಯಾಗಿ ಒಂಬತ್ತು ಕೋಣೆಗಳು ತುಂಬಿದವು.

ಎರಡನೇ ತರಗತಿಯ ಜಗಲಿಯಲ್ಲಿ ಮದ್ದು ಬಿಡುವ ಅಣ್ಣನ ಪಾಠ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ. ಇದು ಇಲ್ಲಿ ಅಡಿಕೆ ಇರುವ ಪ್ರತಿ ಮನೆಗೂ ಗೊತ್ತಿರುವ ಲೆಕ್ಕ. ಏಳನೇ ತರಗತಿಯ ಮಕ್ಕಳು ಅದನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿ, ಒಂದು ಲೀಟರ್ ನೀರು, ಹತ್ತು ಹತ್ತು ಗ್ರಾಂ ಎಂದು ತೂಗಿ ಇಟ್ಟಿದ್ದರು. ಅರ್ಧ ಲೀಟರಿನಲ್ಲಿ ತುತ್ತು, ಇನ್ನರ್ಧದಲ್ಲಿ ಸುಣ್ಣ. ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನಕ್ಕೆ ಹೊಯ್ಯುತ್ತ ಕಲಕಬೇಕು, ತಿರುಗಿಸಿ ಮಾಡಬಾರದು. ಕಬ್ಬಿಣದ ಪಾತ್ರೆ ಮುಟ್ಟಬಾರದು. ಮಾಡಿದ್ದನ್ನು ಆ ದಿನವೇ ಮುಗಿಸಬೇಕು.

ಅಣ್ಣ ಮೊದಲ ಹತ್ತು ನಿಮಿಷ ಮಾತೇ ಆಡಲಿಲ್ಲ. ಕೈ ಮಾತ್ರ ಓಡುತ್ತಿತ್ತು, ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಒಬ್ಬಳು ಹುಡುಗಿ "ಸುಣ್ಣ ಸಾಕಾಯಿತು ಅಂತ ಹೇಗೆ ಗೊತ್ತಾಗುವುದು?" ಎಂದು ಕೇಳಿದಳು. ಅವರು ಸೊಂಟದಿಂದ ಚೂರಿ ತೆಗೆದು, ಬೇಕೆಂದೇ ಸುಣ್ಣ ಕಡಿಮೆ ಹಾಕಿದ ಇನ್ನೊಂದು ಬಕೆಟಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ತೋರಿಸಿದರು. ಹೊಳೆಯುತ್ತಿದ್ದ ಅಲಗು ಕೆಂಪಗಾಗಿತ್ತು. ಮತ್ತಷ್ಟು ಸುಣ್ಣ ಕಲಕಿ, ಉಜ್ಜಿ ತೊಳೆದ ಚೂರಿಯನ್ನು ಮತ್ತೆ ಅದ್ದಿದರು. ಅಲಗು ಹಾಗೆಯೇ ಇತ್ತು. "ಕೆಂಪಾದರೆ ಹಿಂಗಾರ ಸುಡುತ್ತದೆ. ಚೂರಿಗೆ ಗೊತ್ತಾಗುತ್ತದೆ" ಎಂದರು.

ವಿಜ್ಞಾನದ ಟೀಚರ್ ಅಲ್ಲೇ ನಿಂತಿದ್ದರು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಹಾಗಾಗಿ ದ್ರಾವಣದಲ್ಲಿ ಬಿಡುವಾಗಿ ಉಳಿದ ತಾಮ್ರವನ್ನು ಹೊರಗೆ ತಳ್ಳಿ ಕಬ್ಬಿಣ ತಾನು ಕರಗುತ್ತದೆ, ಆ ತಾಮ್ರವೇ ಅಲಗಿಗೆ ಅಂಟಿದ್ದು ಎಂದು ಅವರು ವಿವರಿಸಿದರು. ಈ ಮದ್ದಿಗೆ ಬೋರ್ಡೋ ದ್ರಾವಣ ಎಂದು ಹೆಸರು, ಬೋರ್ಡೋ ಎನ್ನುವುದು ಫ್ರಾನ್ಸಿನ ದ್ರಾಕ್ಷಿ ಬೆಳೆಯುವ ಊರಿನ ಹೆಸರು, 1885ರ ಹೊತ್ತಿಗೆ ಅಲ್ಲಿ ಇದು ದ್ರಾಕ್ಷಿಯ ರೋಗಕ್ಕೆ ಮದ್ದಾಗಿ ರೂಪುಗೊಂಡಿತು ಎಂದೂ ಹೇಳಿದರು. ಅಣ್ಣ ಇದನ್ನೆಲ್ಲ ಬಾಯಿ ಬಿಡದೆ ಕೇಳಿದರು. "ಅಷ್ಟು ದೂರದ್ದಾ ಇದು!" ಎಂದಷ್ಟೇ ಅಂದರು. ಪಾಠ ಮುಗಿದ ಮೇಲೆ ಅವರು ವಿಜ್ಞಾನದ ಟೀಚರ ಹತ್ತಿರ ಹೋಗಿ ತಾಮ್ರದ ವಿಷಯ ಇನ್ನೊಮ್ಮೆ ಕೇಳಿ ತಿಳಿದುಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಟೀಚರ್ ಅವರಿಂದ ಚೂರಿ ಎಷ್ಟು ಹೊತ್ತು ಅದ್ದಬೇಕೆಂದು ಕೇಳುತ್ತಿದ್ದರು.

ಕಲಿತವರ ಲೋಕ ಒಂದು, ದುಡಿಯುವವರ ಲೋಕ ಒಂದು ಎಂಬ ಬೇರೆತನ ಈ ಮಣ್ಣಿನಲ್ಲಿ ಯಾವಾಗಲೂ ಇರಲಿಲ್ಲ. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದರು, ಕವಿಯಾಗಿದ್ದರು, ತೋಟದಲ್ಲಿ ಮಣ್ಣು ಮೆತ್ತಿಕೊಂಡ ಕೃಷಿಕರೂ ಆಗಿದ್ದರು. ಪಕ್ಕದ ಎಣ್ಮಕಜೆ ಪಂಚಾಯತಿನ ಶ್ರೀಪಡ್ರೆಯವರು 'ಅಡಿಕೆ ಪತ್ರಿಕೆ'ಯಲ್ಲಿ ದಶಕಗಳಿಂದ ಮಾಡುತ್ತ ಬಂದದ್ದೂ ರೈತನ ಕೈಗೆ ಪೆನ್ನು ಕೊಡುವ ಕೆಲಸವನ್ನೇ. ಶಾಲೆಯೊಂದೇ ಈ ವಿಷಯದಲ್ಲಿ ಹಿಂದೆ ಉಳಿದಿದೆ ಎಂದು ನನಗೆ ಅನಿಸುತ್ತದೆ.

ಅಂಗಳದಲ್ಲಿ ಮಳೆಯ ಲೆಕ್ಕ ನಡೆಯುತ್ತಿತ್ತು. ಒಬ್ಬರು ಮೇಸ್ತ್ರಿ, ಒಬ್ಬರು ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡಿದ ಅಜ್ಜ, ಸುತ್ತ ಮೂವತ್ತು ಜನ. ಮಕ್ಕಳು ಟೇಪು ಹಿಡಿದು ಶಾಲೆಯ ಹಂಚಿನ ಮಾಡು ನಿಂತ ಜಾಗ ಅಳೆದರು. ಉದ್ದ ಇಪ್ಪತ್ತೈದು ಮೀಟರ್, ಅಗಲ ಎಂಟು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಗುಣಿಸಿ ನೋಡಿದಾಗ ಬೋರ್ಡಿನ ಮೇಲೆ 7,00,000 ಎಂದು ಬಂತು. ಏಳು ಲಕ್ಷ ಲೀಟರ್, ಒಂದೇ ಮಾಡಿನಿಂದ. ಏಪ್ರಿಲಿನಲ್ಲಿ ನಮ್ಮ ಬಾವಿಯ ತಳದಲ್ಲಿ ಕೊಡ ಮುಳುಗುವುದಿಲ್ಲ.

ಸುರಂಗದ ಅಜ್ಜನಿಗೆ ಈ ಸಂಖ್ಯೆ ಆಶ್ಚರ್ಯವೇನೂ ತರಲಿಲ್ಲ. "ನೀರು ಬೀಳುವುದು ಬೇಕಾದಷ್ಟು ಬೀಳುತ್ತದೆ ಮಕ್ಕಳೇ. ಮುರಕಲ್ಲು ಕುಡಿದು ಕೆಳಗೆ ಬಿಡುತ್ತದೆ. ಅದು ಎಲ್ಲಿ ಹೋಗುತ್ತದೆ ಅಂತ ನಾವು ಹುಡುಕಬೇಕು." ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಒಳಗೆ ನಡೆಯುವಷ್ಟೇ ಅಗಲ ಎತ್ತರದಲ್ಲಿ ತೋಡುತ್ತ ಹೋಗುವುದು. ಒಸರು ಸಿಕ್ಕಿತೆಂದರೆ ನೀರು ತಾನೇ ಹೊರಗೆ ಹರಿಯುತ್ತದೆ, ಪಂಪೂ ಬೇಡ ಕರೆಂಟೂ ಬೇಡ. ತೋಡುವವನು ಮೋಂಬತ್ತಿ ಹಚ್ಚಿಟ್ಟುಕೊಳ್ಳುತ್ತಾನೆ. ಅದು ನಂದಿದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಜಾಗ ಹೇಗೆ ಆರಿಸುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ ಅವರು ಬಾಯಲ್ಲಿ ಉತ್ತರಿಸಲಿಲ್ಲ. ಮೂವತ್ತು ಜನರನ್ನೂ ಗುಡ್ಡಕ್ಕೆ ಕರೆದುಕೊಂಡು ಹೋಗಿ ಧೂಪದ ಮರ, ಉಪ್ಪಳಿಗೆ ಮರ, ಹುತ್ತ ಎಂದು ಒಂದೊಂದನ್ನೇ ತೋರಿಸಿದರು. ಹೋದವರು ಊಟದ ಹೊತ್ತಿಗೂ ಹಿಂದೆ ಬಂದಿರಲಿಲ್ಲ.

ಉಳಿದ ಕೋಣೆಗಳಲ್ಲಿ ನಾನು ಹೆಚ್ಚು ನಿಲ್ಲಲಾಗಲಿಲ್ಲ. ಒಂದರಲ್ಲಿ ತಾಳಮದ್ದಳೆಯ, ಎಂದರೆ ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನದ, ಅರ್ಥಗಾರಿಕೆ. ಬರೆದ ಮಾತಿಲ್ಲ, ಪದ ಮುಗಿದ ಕೂಡಲೇ ವಾಲಿ ರಾಮನನ್ನು ಪ್ರಶ್ನಿಸಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಸೀಮೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕೇ ಎಂದು ನಾನು ಎಣಿಸಿದ್ದೆ. ಹೇಳಿಕೊಡಬೇಕು, ಈಗಿನ ಮಕ್ಕಳಿಗೆ ಖಂಡಿತ ಬೇಕು. ಇನ್ನೊಂದರಲ್ಲಿ ಕಾಸರಗೋಡು ಪೇಟೆಯ ತಳಂಗರೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ಒಬ್ಬರು ಉಮ್ಮ, ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನ ಸಣ್ಣ ಸಣ್ಣ ಹೊಲಿಗೆ. ತಳಂಗರೆಯ ತೊಪ್ಪಿ ಒಂದು ಕಾಲಕ್ಕೆ ಗಲ್ಫಿಗೂ ಆಫ್ರಿಕಾಕ್ಕೂ ಹೋದದ್ದು ಇಂಥ ಮನೆಗಳ ಜಗಲಿಗಳಿಂದ. ಅವರ ಕಣ್ಣು ಈಗ ಮೊದಲಿನಂತಿಲ್ಲ. ಸೂಜಿಗೆ ನೂಲು ಪೋಣಿಸಲು ನಾಲ್ಕನೇ ತರಗತಿಯ ಇಬ್ಬರು ಹುಡುಗರು ಇಡೀ ದಿನ ಅವರ ಪಕ್ಕದಿಂದ ಏಳಲೇ ಇಲ್ಲ. ಮತ್ತೊಂದರಲ್ಲಿ ಮಕ್ಕಳು ಊರಿನ ಭಾಷೆಗಳ ಪಟ್ಟಿ ಬರೆಯುತ್ತಿದ್ದರು: ಕನ್ನಡದಲ್ಲಿ ಕಂಗು, ತುಳುವಿನಲ್ಲಿ ಕಂಗ್, ಮಲಯಾಳದಲ್ಲಿ ಕವುಙ್ಙ್. ಮರ ಒಂದೇ, ಮಾತೂ ಹೆಚ್ಚುಕಡಿಮೆ ಒಂದೇ.

ನಾನು ಕೂತದ್ದು ಬುಟ್ಟಿಯ ಕೋಣೆಯಲ್ಲಿ.

ಕಲಿಸಲು ಬಂದವರು ಕೊರಗ ಸಮುದಾಯದ ಒಬ್ಬರು ಅಕ್ಕ. ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಅವರನ್ನು ಕರೆಯಲು ನಾವು ಎರಡು ಸಲ ಹೋಗಿದ್ದೆವು. ಮೊದಲ ಸಲ ಅವರು ಒಪ್ಪಿರಲಿಲ್ಲ. ಕೇರಳದ ಐದು ಅತಿ ದುರ್ಬಲ ಬುಡಕಟ್ಟುಗಳಲ್ಲಿ ಕೊರಗರೂ ಸೇರಿದ್ದಾರೆಂದು ಸರಕಾರದ ಪಟ್ಟಿ ಹೇಳುತ್ತದೆ. ಆ ಪಟ್ಟಿಯಲ್ಲಿ ಬರೆಯದ್ದು ನಮಗೆ ಗೊತ್ತು. ನಾನು ಸಣ್ಣವಳಿದ್ದಾಗ ಅವರ ಮನೆಯ ಹಿರಿಯರು ಬುಟ್ಟಿ ತಂದರೆ ನಮ್ಮ ಅಂಗಳದ ಆಚೆ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದರು. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನೋಡಿಯೇ ಕಲಿತಿದ್ದೆ.

ಕಲಿಯಲು ಕೂತವರು ಹನ್ನೆರಡು ದೊಡ್ಡವರು, ಹತ್ತು ಮಕ್ಕಳು. ಗಣಿತದ ಮಾಷ್ಟ್ರು, ಎಚ್.ಎಂ. ಟೀಚರ್, ಪಯ್ಯನ್ನೂರಿನಿಂದ ಬರುವ ಹಿಂದಿ ಟೀಚರ್, ನಾನು, ನನ್ನ ಮಗಳು. ಅಕ್ಕ ನೆಲದ ಮೇಲೆ ಕೂತದ್ದರಿಂದ ನಾವೆಲ್ಲರೂ ನೆಲದ ಮೇಲೆಯೇ. ಪಾಠ ತುಳುವಿನಲ್ಲಿ. ಸೀಳಿ ಒಪ್ಪಮಾಡಿದ ಬೂರುಗಳನ್ನು (ಕಾಡಿನ ಬಳ್ಳಿ) ಅವರು ಕಟ್ಟು ಕಟ್ಟಾಗಿ ನೆನೆಸಿ ತಂದಿದ್ದರು. ಅಡ್ಡಕ್ಕೆ ಆರು ಕಡ್ಡಿ, ಉದ್ದಕ್ಕೆ ಆರು ಕಡ್ಡಿ ಇಟ್ಟು, ನಡುವಿನಿಂದ ಒಂದು ತೆಳು ಬೂರನ್ನು ಒಂದರ ಮೇಲೆ ಒಂದರ ಕೆಳಗೆ ಎಂದು ಸುತ್ತುತ್ತ ಹೋಗಬೇಕು. ನೋಡುವಾಗ ಸುಲಭ.

ಮೊದಲ ಸುತ್ತು ಎಲ್ಲರಿಗೂ ಬಂತು. ಎರಡನೇ ಸುತ್ತಿನಲ್ಲಿ ನಾನು ಎಡವಿದೆ, ಟೀಚರ್ ಎಡವಿದರು, ಮಾಷ್ಟ್ರು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದರು. ಮೊದಲ ಸುತ್ತಿನಲ್ಲಿ ಬೂರು ಯಾವ ಕಡ್ಡಿಯ ಮೇಲೆ ಹೋಗಿತ್ತೋ ಎರಡನೆಯದರಲ್ಲೂ ಅದರ ಮೇಲೆಯೇ ಹೋಗುತ್ತಿತ್ತು. ನೇಯ್ಗೆ ಕಚ್ಚಿಕೊಳ್ಳುವುದೇ ಇಲ್ಲ, ಎಳೆದರೆ ಜಾರುತ್ತದೆ. ನನ್ನ ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಲೆಕ್ಕದ ಪುಸ್ತಕ ಹಿಡಿದು ಕೂತಾಗ ನಾನು ಎಷ್ಟು ಸಲ "ಇಷ್ಟು ಸಣ್ಣದು ಗೊತ್ತಾಗುವುದಿಲ್ಲವಾ" ಎಂದಿದ್ದೇನೋ. ಈಗ ಅವಳು ಏನೂ ಅನ್ನಲಿಲ್ಲ. ಸುಮ್ಮನೆ ಬೂರಿನ ತುದಿ ಹಿಡಿದುಕೊಂಡಳು, ನಾನು ಇನ್ನೊಮ್ಮೆ ಬಿಚ್ಚಲಿ ಎಂದು.

ಅಕ್ಕ ನಾವು ಮಾಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಾಷ್ಟ್ರ ಕೈಯಿಂದ ಅದನ್ನು ತೆಗೆದುಕೊಂಡು, ಒಂದು ಗಿಡ್ಡ ಕಡ್ಡಿಯನ್ನು ಸಂದಿಯಲ್ಲಿ ತುರುಕಿ ಹಿಂದೆ ಕೊಟ್ಟರು. "ಒಂಜಿ ಎಚ್ಚ ಬೋಡು." ಒಂದು ಹೆಚ್ಚು ಬೇಕು. ಮಾಷ್ಟ್ರು ಸುತ್ತಿದರು, ನೇಯ್ಗೆ ಕಚ್ಚಿಕೊಂಡಿತು. ಅವರು ಬುಟ್ಟಿಯನ್ನು ಕೆಳಗಿಟ್ಟು ತುದಿಗಳನ್ನು ಎಣಿಸಲು ಶುರುಮಾಡಿದರು. ಹನ್ನೆರಡು ಕಡ್ಡಿ, ಇಪ್ಪತ್ತನಾಲ್ಕು ತುದಿ. ಈಗ ಇಪ್ಪತ್ತೈದು.

"ಬೆಸ ಸಂಖ್ಯೆ!" ಎಂದು ಅವರು ಕೂಗಿದ್ದು ಪಕ್ಕದ ಕೋಣೆಗೂ ಕೇಳಿತು. ತುದಿಗಳು ಸಮವಾಗಿದ್ದರೆ ಸುತ್ತು ಮುಗಿದಾಗ ಮೇಲೆ ಕೆಳಗೆ ಎಂಬ ಕ್ರಮ ಶುರುವಾದಲ್ಲಿಗೇ ಬಂದು ಕೂಡುತ್ತದೆ. ಬೆಸವಾಗಿದ್ದರೆ ಪ್ರತಿ ಸುತ್ತೂ ಒಂದು ಹೆಜ್ಜೆ ತಪ್ಪುತ್ತದೆ, ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಆ ತಪ್ಪುವಿಕೆಯೇ ಬುಟ್ಟಿಯನ್ನು ಹಿಡಿದು ನಿಲ್ಲಿಸುವುದು. ಮಾಷ್ಟ್ರು ಸಮ ಬೆಸ ಕಲಿಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಇದು ಯಾತಕ್ಕೆ ಬರುತ್ತದೆ ಎಂದು ಮಕ್ಕಳು ಕೇಳಿದರೆ ಕೊಡಲು ಇಂಥ ಉತ್ತರ ತಮ್ಮ ಬಳಿ ಇರಲಿಲ್ಲ ಎಂದು ಅವರು ಅಕ್ಕನ ಎದುರಿಗೇ ಹೇಳಿದರು. ಅಕ್ಕ ಕೇಳಿಸಿಕೊಂಡು ಹಿಂದಿ ಟೀಚರ ಕೈ ತಿದ್ದಲು ಹೋದರು. ಹಿಂದಿ ಟೀಚರಿಗೆ ತುಳು ಒಂದಕ್ಷರ ಬರುವುದಿಲ್ಲ. ಮಾತಿಗೆ ಕಿವಿ ಕೊಡದೆ ಕೈಯನ್ನಷ್ಟೇ ನೋಡುತ್ತಿದ್ದ ಅವರ ಬುಟ್ಟಿಯೇ ನಮ್ಮೆಲ್ಲರದಕ್ಕಿಂತ ಚೆನ್ನಾಗಿತ್ತು. "ಟೀಚರ್, ಇದು ಸರಿಯಾ?" ಎಂದು ಐದನೇ ತರಗತಿಯ ಹುಡುಗ ಅಕ್ಕನನ್ನು ಕೇಳಿದ. ಮಕ್ಕಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ದೊಡ್ಡವರು ಮಾತ್ರ ಒಂದು ಕ್ಷಣ ಕೈ ನಿಲ್ಲಿಸಿದೆವು.

ಕೆಲಸ ಮಾಡುತ್ತ ಮಾಡುತ್ತ ಮಾತು ಬಂತು. ಬೂರು ತರಲಿಕ್ಕೆ ಒಂದು ದಿನ. ಹತ್ತಿರದ ಗುಡ್ಡಗಳಲ್ಲಿ ಈಗ ರಬ್ಬರು, ಅಕೇಶಿಯ. ಬೂರು ಸಿಗುವ ಕಾಡಿಗೆ ದೂರ ನಡೆಯಬೇಕು. ಸೀಳಿ ನೇಯಲಿಕ್ಕೆ ಇನ್ನೊಂದು ದಿನ. ಅಡಿಕೆ ಹೆಕ್ಕಲೆಂದು ನಮ್ಮ ಮನೆಗೆ ವರ್ಷಕ್ಕೆ ಎರಡು ಬುಟ್ಟಿ ತೆಗೆದುಕೊಳ್ಳುತ್ತೇವೆ. ಪ್ರತಿ ಸಲವೂ ನಾನು ಚೌಕಾಶಿ ಮಾಡಿದ್ದೇನೆ, ಪ್ರತಿ ಸಲವೂ ಐವತ್ತು ರೂಪಾಯಿಯಾದರೂ ಇಳಿಸಿದ್ದೇನೆ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಎರಡು ದಿನದ ಕೂಲಿಯನ್ನು ಬುಟ್ಟಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಲು ನನಗೆ ಎಂದೂ ತೋಚಿರಲಿಲ್ಲ. ಮೂರು ಗಂಟೆ ಕೂತು ಒಂದು ಬುಟ್ಟಿಯ ಅಡಿಯನ್ನೂ ನೆಟ್ಟಗೆ ಮುಗಿಸಲಾಗದೆ ಬೆರಳು ಗೀರಿಕೊಂಡ ಆ ದಿನ ತೋಚಿತು.

ಇನ್ನೂ ಒಂದು ಮಾತು ಬಂತು. ನನ್ನ ತರಗತಿಯಲ್ಲಿ ಅವರ ತಮ್ಮನಿದ್ದ. ಹೆಸರು ಹೇಳಿದ ಮೇಲೆ ಮುಖ ನೆನಪಾಯಿತು. ಕೊನೆಯ ಬೆಂಚು, ಮಳೆಗಾಲದಲ್ಲಿ ಒದ್ದೆ ಅಂಗಿ. ನಾಲ್ಕನೇ ತರಗತಿಯ ಮೇಲೆ ಅವನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಯಾರನ್ನೂ ಕೇಳಿದ ನೆನಪಿಲ್ಲ, ನನ್ನನ್ನೂ ಯಾರೂ ಕೇಳಲಿಲ್ಲ. ಈಗ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾನಂತೆ. ಅವನ ಮಗಳು ಪ್ಲಸ್ ಟು ಓದುತ್ತಿದ್ದಾಳೆ, ನರ್ಸಿಂಗಿಗೆ ಸೇರಬೇಕೆಂದಿದ್ದಾಳೆ. ಅಕ್ಕ ಇದನ್ನು ಹೇಳುವಾಗ ದೂರಿನ ಸ್ವರ ಇರಲಿಲ್ಲ. ಕೈ ನಿಂತಿರಲೂ ಇಲ್ಲ.

ಮಧ್ಯಾಹ್ನ ಶಾಲೆಯ ಅಡುಗೆ ಕೋಣೆಯದ್ದೇ ಊಟ, ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ. ಒಂದೇ ಸಾಲು, ಒಂದೇ ಬೆಂಚು. ಗುಡ್ಡಕ್ಕೆ ಹೋದವರು ಎರಡು ಗಂಟೆಗೆ ಬೆವರಿಳಿಸಿಕೊಂಡು ಬಂದರು.

ಸಂಭಾವನೆಯ ವಿಷಯ ಬರೆಯಲೇಬೇಕು, ಯಾಕೆಂದರೆ ಇಂಥದ್ದನ್ನು ಮಾಡಬೇಕೆಂದಿರುವ ಬೇರೆ ಶಾಲೆಯವರು ಇದನ್ನು ಓದಬಹುದು. ಸಮಿತಿಯಲ್ಲಿ ಅದಕ್ಕೆ ದೊಡ್ಡ ಚರ್ಚೆಯೇ ಆಗಿತ್ತು. ಊರಿನ ಶಾಲೆಗೆ ಬರಲು ಹಣ ಯಾಕೆ, ಶಾಲು ಹೊದೆಸಿ ಹಾರ ಹಾಕಿದರೆ ಮರ್ಯಾದೆ ಆಗುವುದಿಲ್ಲವೇ ಎಂದು ಕೆಲವರು. ಶಾಲಿನಲ್ಲಿ ಅಕ್ಕಿ ಬರುವುದಿಲ್ಲ ಎಂದು ನಾನು ಹಟ ಹಿಡಿದೆ. ಶನಿವಾರದ ಕೂಲಿ ಬಿಟ್ಟು ಬರುವವರಿಗೆ ಅದು ಸಿಗಬೇಕು, ಉಳಿದವರಿಗೂ ಅಷ್ಟೇ ಸಿಗಬೇಕು, ಇಲ್ಲದಿದ್ದರೆ ಕೆಲವರು ಕಲಿಸಿದವರಾಗುತ್ತಾರೆ, ಕೆಲವರು ಸಹಾಯ ಪಡೆದವರಾಗುತ್ತಾರೆ. ಕೊನೆಗೆ ಎಲ್ಲರಿಗೂ ಎಂಟುನೂರು ಎಂದು ತೀರ್ಮಾನವಾಯಿತು. ತಾಳಮದ್ದಳೆಯ ಅರ್ಥ ಹೇಳಿಕೊಟ್ಟ ನಿವೃತ್ತ ಮಾಷ್ಟ್ರು ತಮ್ಮ ಲಕೋಟೆಯನ್ನು ಶಾಲೆಯ ಲೈಬ್ರರಿಗೆ ಹಿಂದೆ ಕೊಟ್ಟರು. ಅಕ್ಕ ಎಣಿಸಿ ತೆಗೆದುಕೊಂಡರು, ಮದ್ದು ಬಿಡುವ ಅಣ್ಣನೂ ತೆಗೆದುಕೊಂಡರು. ಎರಡೂ ಸರಿ.

ಆ ದಿನದಿಂದ ಶಾಲೆಗೆ ಹೊಸ ಮಕ್ಕಳು ಎಷ್ಟು ಸೇರಿದರು ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಜೂನ್ ಬರಬೇಕಷ್ಟೆ. ನಾನು ನೋಡಿದ ಬದಲಾವಣೆ ಸಣ್ಣದು. ಫೆಬ್ರವರಿಯ ಸಭೆಗೆ ಮದ್ದು ಬಿಡುವ ಅಣ್ಣ ಬಂದು ಮುಂದಿನ ಸಾಲಿನಲ್ಲಿ ಕೂತರು. ಮಗನ ವಿಜ್ಞಾನದ ನೋಟು ಪುಸ್ತಕ ತೆಗೆದು ಟೀಚರ ಹತ್ತಿರ ಎರಡು ಪ್ರಶ್ನೆ ಕೇಳಿದರು. ಇಷ್ಟು ವರ್ಷ ಅವರು ಸಭೆಯಲ್ಲಿ ಬಾಗಿಲ ಹತ್ತಿರ ನಿಂತು, ಸಹಿ ಹಾಕಿ ಹೋಗುತ್ತಿದ್ದವರು.

ನನ್ನ ಬುಟ್ಟಿಯ ಅಡಿ ಹಾಗೆಯೇ ಉಳಿದಿತ್ತು. ಕಡ್ಡಿಗಳನ್ನು ಮೇಲಕ್ಕೆ ಬಗ್ಗಿಸಿ ಬದಿ ಎಬ್ಬಿಸುವುದನ್ನು ಕಲಿಯಲು ಹೊತ್ತು ಸಾಕಾಗಿರಲಿಲ್ಲ. ಮನೆಯಲ್ಲಿ ಒಂದು ತಿಂಗಳು ಮೊಳೆಗೆ ನೇತುಬಿದ್ದು ಒಣಗಿತು. ಕಳೆದ ಭಾನುವಾರ ಮಗಳೂ ನಾನೂ ಅದನ್ನು ಹಿಡಿದುಕೊಂಡು ಅಕ್ಕನ ಮನೆಗೆ ಹೋದೆವು. ಅವರು ಜಗಲಿಯಲ್ಲೇ ಕೂತಿದ್ದರು, ನಮಗೂ ಚಾಪೆ ಹಾಕಿದರು. ಅಡಿಯನ್ನು ತಿರುಗಿಸಿ ನೋಡಿ, ಎರಡು ಕಡೆ ಸಡಿಲವಿದೆ ಎಂದು ಬೆರಳಿಟ್ಟು ತೋರಿಸಿದರು. ನಾನು ಕಡ್ಡಿ ಬಗ್ಗಿಸಲು ಹೋದಾಗ ಕೈ ಹಿಡಿದು ತಡೆದರು.

"ನೀರ್‌ಡ್ ಪಾಡ್‌ಲೆ. ಇಜ್ಜಾಂಡ ತುಂಡಾಪುಂಡು."

ನೀರಿನಲ್ಲಿ ಹಾಕಿ, ಇಲ್ಲದಿದ್ದರೆ ತುಂಡಾಗುತ್ತದೆ. ಮಗಳು ಎದ್ದು ಬಾವಿಕಟ್ಟೆಯ ಹತ್ತಿರದ ಬಕೆಟಿನಲ್ಲಿ ಅದನ್ನು ಮುಳುಗಿಸಿ, ಮೇಲೆ ಏಳದಂತೆ ಒಂದು ಕಲ್ಲು ಹೇರಿ ಬಂದಳು. ನೆನೆಯಲು ಎಷ್ಟು ಹೊತ್ತು ಬೇಕೆಂದು ಕೇಳಿದೆ. ಸಂಜೆಯವರೆಗೆ ಬೇಕು ಎಂದು ಅಕ್ಕ ಚಾ ಮಾಡಲು ಒಳಗೆ ಹೋದರು.